ಕುಮ್‌ನ ಅಂಗಿಯ ಅಳತೆ

ಮಿಲೊಯೆಯ ಮಗಳ ಮದುವೆಗೆ ಎಲ್ಲ ಸಿದ್ಧವಾಗಿತ್ತು, ಕುಮ್‌ಗೆ ಕೊಡುವ ಅಂಗಿಯೊಂದನ್ನು ಬಿಟ್ಟು. ಮದುಮಗನ ಪಕ್ಕ ಸಾಕ್ಷಿಯಾಗಿ ನಿಲ್ಲುವ ಕುಮ್ ಎಂದರೆ ಚಾಚಕ್ ಊರಿನ ಕಡೆಯವರಿಗೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಹೆಣ್ಣಿನ ಕಡೆಯವರು ಕೊಟ್ಟ ಅಂಗಿಯನ್ನು ಅವನು ಎಲ್ಲರೆದುರು ತೊಡಬೇಕು. ಅದು ಜೋತು ಬಿದ್ದರೆ ಮಿಲೊಯೆಯ ಮಾನ ಹೋಯಿತು. ಹಾಗೆಂದು ಅಳತೆ ಕೇಳುವಂತಿಲ್ಲ. ಕೇಳಿದರೆ ಉಡುಗೊರೆಯ ಮರ್ಯಾದೆಯೇ ಉಳಿಯುವುದಿಲ್ಲ.

“ಇವತ್ತು ಆರ್ಡರ್ ಮಾಡಿದ್ರೆ ಮಾತ್ರ ಮದುವೆ ಹೊತ್ತಿಗೆ ಬರುತ್ತೆ,” ಎಂದಳು ಫೋನ್ ಹಿಡಿದಿದ್ದ ಹೆಂಡತಿ ಸ್ತಾನಾ. “ಕುಮ್ ಈಗ ಊಟಕ್ಕೆ ಬರ್ತಾರಲ್ಲ, ಬಾಗಿಲಲ್ಲೇ ಗಟ್ಟಿಯಾಗಿ ಅಪ್ಕೊಳ್ಳಿ. ಕೈ ಎಲ್ಲಿವರೆಗೆ ಬರುತ್ತೆ ಅಂತ ನೆನಪಿಟ್ಕೊಳ್ಳಿ.”

ಕುಮ್ ವಿತೋಮಿರ್ ಬಂದಾಗ ಬಾಗಿಲೇ ತುಂಬಿಹೋಯಿತು. ಮಿಲೊಯೆ ಅವನನ್ನು ನೋಡಿದ್ದು ಅದೇ ಮೊದಲು. ಸ್ವಾಗತಕ್ಕೆ ಕೆನ್ನೆಗೆ ಮೂರು ಮುತ್ತು ಕೊಡುವ ನೆಪದಲ್ಲಿ ಬಿಡದೆ ಅಪ್ಪಿ ಹಿಡಿದ. ವಿತೋಮಿರನೂ ಬಿಡಲಿಲ್ಲ. ಎಂಥ ಪ್ರೀತಿಯ ಮನುಷ್ಯ ಎಂದುಕೊಂಡ ಮಿಲೊಯೆ. ವಿತೋಮಿರನ ಬೆನ್ನ ಹಿಂದೆ ಮಿಲೊಯೆಯ ಬೆರಳ ತುದಿಗಳಷ್ಟೇ ಒಂದಕ್ಕೊಂದು ತಾಗಿದವು.

ಕುಮ್‌ನನ್ನು ಊಟದ ಕೋಣೆಗೆ ಕಳಿಸಿ, ಕೈಗಳನ್ನು ಹಾಗೇ ಬಳಸಿ ಹಿಡಿದುಕೊಂಡು ಹಿತ್ತಲಿಗೆ ಓಡಿದ. ಪೇರುಮರ ಅಪ್ಪಿದ, ಸಣ್ಣದಾಯಿತು. ಕೊನೆಗೆ ಹುಳಿ ಎಲೆಕೋಸಿನ ಪೀಪಾಯಿಯನ್ನು ತಬ್ಬಿದಾಗ ಬೆರಳುಗಳು ಸರಿಯಾಗಿ ತಾಗಿದವು.

ಬೇಲಿಯಾಚೆ ನೆರೆಮನೆಯ ದೆಸಾಂಕಾ ನಿಂತಿದ್ದಳು. “ಮಗಳು ಹೋಗ್ತಾಳೆ ಅಂತ ಪೀಪಾಯಿ ತಬ್ಕೊಂಡು ಅಳ್ತೀಯೇನೋ?”

“ಅಳ್ತಿಲ್ಲ ಅಕ್ಕ. ಕುಮ್ ಅಳತೆ ಇದು. ಟೇಪ್ ಹಿಡ್ಕೊ ಬಾ.”

ಕರೆಯುವುದೇ ತಡ ಅವಳು ಬಂದು ಟೇಪ್ ಸುತ್ತಿದಳು. ಅಡುಗೆಮನೆಗೆ ಹೋಗಿ ಅಳತೆ ಹೇಳಿದವಳೂ ಅವಳೇ. ಫೋನಿನಲ್ಲಿ ಅಂಗಡಿಯವರು ತೋರಿಸಿದ ಅತಿ ದೊಡ್ಡ ಅಂಗಿಯ ಮೇಲೆ ಸ್ತಾನಾ ಬೆರಳೊತ್ತಿದಳು. ರಿಯಾಯಿತಿ ಮಾಲು, ವಾಪಸ್ ತೆಗೆದುಕೊಳ್ಳುವುದಿಲ್ಲ.

ಅಷ್ಟಕ್ಕೇ ಸುಮ್ಮನಾಗದೆ ದೆಸಾಂಕಾ ಊಟದ ಕೋಣೆಗೂ ನುಗ್ಗಿದಳು. “ಈ ಗಾಳೀಲಿ ಕುಮ್‌ನ ಕೂರಿಸಿದ್ದೀರಲ್ಲ, ಕತ್ತು ಹಿಡ್ಕೊಂಡ್ರೆ ಏನ್ರೀ ಗತಿ?” ಎಂದು, ಅಡುಗೆಯ ಹೊಗೆ ಹೋಗಲೆಂದು ತೆರೆದಿಟ್ಟಿದ್ದ ಕಿಟಕಿಗಳನ್ನೆಲ್ಲ ಮುಚ್ಚಿದಳು.

“ಪುಣ್ಯ ಬರಲಿ ತಾಯಿ, ಗಾಳಿ ಅಂದ್ರೆ ನಂಗೆ ಭಯ,” ಎನ್ನುತ್ತಾ ವಿತೋಮಿರ್ ಕೋಟು ಬಿಚ್ಚಿದ. ಅದರ ಕೆಳಗೆ ಹತ್ತಿ ತುಂಬಿದ ಅಂಗಿ, ಅದರ ಕೆಳಗೆ ಸ್ವೆಟರ್, ಇನ್ನೊಂದು ಸ್ವೆಟರ್. ಈರುಳ್ಳಿ ಸುಲಿದಂತೆ ಸುಲಿಯುತ್ತಾ ಹೋಗಿ ಕೊನೆಗೆ ಉಳಿದದ್ದು ಒಬ್ಬ ಕಡ್ಡಿ ಮನುಷ್ಯ.

ಸ್ತಾನಾ ಗಂಡನ ತೋಳು ಚಿವುಟಿದಳು. “ಹೋಗ್ರೀ, ಇನ್ನೊಂದ್ಸಲ ಅಪ್ಕೊಂಡು ಬನ್ನಿ.”

ಮಿಲೊಯೆ ಕೈ ಚಾಚಿ ಹೊರಟ. ವಿತೋಮಿರ್ ಹಿಂದೆ ಸರಿದು ನಕ್ಕ.

“ಬೇಡ ಬೀಗರೇ, ನಿಮ್ಮ ಅಳತೆ ಬಾಗಿಲಲ್ಲೇ ಸರಿಯಾಗಿ ಸಿಕ್ತು. ಹುಡುಗನ ಮನೆಯವರು ನಿಮಗೊಂದು ಅಂಗಿ ಕೊಡಬೇಕು, ಹೇಗಾದ್ರೂ ಅಳತೆ ತಗೊಳ್ಳಿ ಅಂದಿದ್ರು. ಕೇಳೋಕೆ ನಂಗೆ ಸಂಕೋಚ. ಈಗಷ್ಟೇ ಆರ್ಡರ್ ಮಾಡಿದೆ. ನಿಮ್ಮ ಗಾತ್ರದ್ದು ಹುಡುಕೋದೇ ಕಷ್ಟ ಆಯ್ತು ನೋಡಿ.”

ಮಿಲೊಯೆ ತನ್ನ ಮೈ ನೋಡಿಕೊಂಡ. ತೆರೆದ ಕಿಟಕಿಗಳಿಗೆ ಹೆದರಿ ಬೆಳಗ್ಗೆಯೇ ತೊಟ್ಟಿದ್ದ ಕುರಿತೊಗಲಿನ ಕೋಟನ್ನು ಅವನಿನ್ನೂ ಬಿಚ್ಚಿರಲಿಲ್ಲ.