ಸೋಡಾ ಮುಚ್ಚಳದಡಿ ಐದು ಗುಂಡು

ಎಲ್ಲ ರಗಳೆಗೂ ಮೂಲ ಒಂದು ಸೋಡಾ ಬಾಟಲಿಯ ಮುಚ್ಚಳ. ರೈಫಲ್ ಕ್ಲಬ್ಬಿನ ಕ್ಯಾಪ್ಟನ್ ಆಗಿದ್ದ ಹಲ್ಲಿನ ಡಾಕ್ಟರು ಅದನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟು, "ಭಾನುವಾರ ಬೆಳಗ್ಗೆ ಎಲ್ರೂ ಐದೈದು ಗುಂಡು ಹೊಡೀಬೇಕು. ಐದು ತೂತೂ ಈ ಮುಚ್ಚಳದ ಅಡಿ ಮರೆಯಾಗಬೇಕು. ಆಗದಿದ್ರೆ ಸಂಜೆ ಪಂದ್ಯಕ್ಕೂ ಇಲ್ಲ, ತಂಡದಲ್ಲೂ ಇಲ್ಲ. ನನಗೂ ಇದೇ ರೂಲು" ಎಂದುಬಿಟ್ಟಿದ್ದರು.

ಕನ್ನಡಕದಂಗಡಿಯವನಿಗೆ ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವನ ಐದು ಗುಂಡುಗಳು ಜಗಳವಾಡಿ ಪಾಲಾದ ಅಣ್ಣತಮ್ಮಂದಿರಂತೆ ಗುರಿಯ ಕಾರ್ಡಿನಲ್ಲಿ ಒಂದೊಂದು ಒಂದೊಂದು ದಿಕ್ಕು ಹಿಡಿಯುತ್ತಿದ್ದವು. ಅವನ್ನು ಮುಚ್ಚಲು ಮುಚ್ಚಳ ಸಾಲದು, ಊಟದ ತಟ್ಟೆಯೇ ಬೇಕು ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಕ್ಲಬ್ಬಿನಲ್ಲಿ ಅವನಿಗೆ 'ಜರಡಿ' ಎಂದೇ ಹೆಸರು. ಆದರೂ ಜಂಭಕ್ಕೇನೂ ಕಡಿಮೆಯಿರಲಿಲ್ಲ. ಜನ ಸಾಲದೆ ತಂಡಕ್ಕೆ ಸೇರಿಸಿಕೊಂಡ ವಾರವೇ ಅಂಗಡಿಯ ಬೋರ್ಡಿನ ಮೇಲೆ 'ಗುರಿಕಾರರ ಕನ್ನಡಕ ಇಲ್ಲಿ ಸಿಗುತ್ತದೆ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದ. ಈಗ ತಂಡದಿಂದ ಹೊರಬಿದ್ದರೆ ಬೀದಿಯೆಲ್ಲ ಆ ಬೋರ್ಡು ನೋಡಿ ನಗುತ್ತದೆ. ಆಮೇಲೆ ಯಾವ ಗಿರಾಕಿ ಅವನನ್ನು ನಂಬಿ ಕಣ್ಣು ತೋರಿಸುತ್ತಾನೆ?

ಭಾನುವಾರ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲೇ ದರ್ಜಿಯಾಗಿದ್ದ ಭಾವಮೈದ ವಕ್ಕರಿಸಿದ. ಗುಂಡು ಹೊಡೆಯುವಾಗ ಭಾವ ತೊಡುವ ದಪ್ಪ ಕೋಟನ್ನು ರಾತ್ರಿಯೇ ಬಿಚ್ಚಿ ಬಿಗಿಯಾಗಿ ಹೊಲಿದು ತಂದಿದ್ದ. ಅದನ್ನು ತೊಡಿಸಿ, ಮಂಡಿ ಕೊಟ್ಟು ಬೆನ್ನು ಒತ್ತಿ ಗುಂಡಿ ಹಾಕಿದ.

"ಉಸಿರಾಡೋಕೇ ಆಗ್ತಿಲ್ವಲ್ಲೋ."

"ಉಸಿರಾಡೋದ್ರಿಂದ್ಲೇ ಭಾವ ಗುಂಡು ಚೆದುರೋದು. ಸುಮ್ನಿರಿ."

ಇಷ್ಟು ಸಾಲದೆಂಬಂತೆ ಪಕ್ಕದಂಗಡಿಯ ಕ್ಷೌರದವನು ಕತ್ತಿ ಹಿಡಿದೇ ಬಂದ. "ಕುರುಚಲು ಗಡ್ಡ ಇದ್ರೆ ಕೆನ್ನೆ ರೈಫಲ್ ಮೇಲೆ ನೆಟ್ಟಗೆ ಕೂರಲ್ಲ ಕಣ್ರೀ" ಎಂದು ಬಲಗೆನ್ನೆ ಬೋಳಿಸಿದ. ಎಡಗೆನ್ನೆಗೆ ಸೋಪು ಹಚ್ಚುವ ಮೊದಲೇ ಹೊತ್ತಾಯಿತೆಂದು ಭಾವಮೈದ ರಟ್ಟೆ ಹಿಡಿದು ಎಳೆದ. ಕನ್ನಡಕದಂಗಡಿಯವನು ತನ್ನ ಹೊಸ ಕನ್ನಡಕದ ಡಬ್ಬಿಯನ್ನೂ, ಡಾಕ್ಟರಿಗೆ ಮಾಡಿಟ್ಟಿದ್ದ ಕನ್ನಡಕದ ಡಬ್ಬಿಯನ್ನೂ ಜೇಬಿಗೆ ತುರುಕಿಕೊಂಡು, ಅರ್ಧ ಮುಖದ ಗಡ್ಡದಲ್ಲೇ ಕ್ಲಬ್ಬಿಗೆ ಓಡಿದ. ಭಾವಮೈದನೂ ಕ್ಷೌರದವನೂ ಬೆನ್ನುಹತ್ತಿದರು.

ಡಾಕ್ಟರು ಅವನು ಕೊಟ್ಟ ಡಬ್ಬಿಯ ಕನ್ನಡಕ ಹಾಕಿಕೊಂಡು ಕಣ್ಣು ಕಿರಿದು ಮಾಡಿದರು. "ಸ್ವಲ್ಪ ಮಸುಕು ಅನ್ನಿಸ್ತಿದೆಯಲ್ರೀ."

ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಇವನು ಇವರಿಗೂ ಹೇಳಿದ: "ಹೊಸದಲ್ವಾ ಡಾಕ್ಟ್ರೇ. ಎರಡು ದಿನ ಹೊಂದ್ಕೋಬೇಕು."

ಗೋಡೆಯ ಪಕ್ಕದ ಕೊನೆಯ ಜಾಗ ಇವನದು, ಅದರ ಪಕ್ಕದ್ದು ಡಾಕ್ಟರದು. ಇವನೂ ಇನ್ನೊಂದು ಡಬ್ಬಿಯ ಕನ್ನಡಕ ಏರಿಸಿಕೊಂಡ. ಇಬ್ಬರೂ ಹೊಟ್ಟೆ ಮೇಲೆ ಮಲಗಿ ರೈಫಲ್ ಹಿಡಿದರು. ದೂರದ ಕಾರ್ಡಿನ ಕಪ್ಪು ವೃತ್ತ ಇವನಿಗೆ ಒದ್ದೆ ಕಾಗದಕ್ಕೆ ಬಿದ್ದ ಮಸಿಯಂತೆ ಹರಡಿ ಕಂಡಿತು. ಯಾರ ಕಾರ್ಡು ಯಾವುದೆಂದು ಹೇಳುವ ನಂಬರಂತೂ ಕಾಣಲೇ ಇಲ್ಲ. ಹೆದರಿಕೆಗೆ ಹೀಗಾಗುತ್ತದೆ ಎಂದುಕೊಂಡ.

"ಟ್ರಿಗರ್ ಎಳೀಬೇಡಿ ಭಾವ, ಮೆಲ್ಲಗೆ ಒತ್ತಿ" ಎಂದು ಹಿಂದಿನಿಂದ ಒಂದು ದನಿ. "ಕೆನ್ನೆ ಎತ್ತಬೇಡಿ" ಎಂದು ಇನ್ನೊಂದು. ಪಕ್ಕೆಲುಬು ಕಿತ್ತುಬರುವಂತಿದ್ದ ಕೋಟಿನೊಳಗೆ ಉಸಿರು ಕಟ್ಟಿ, ದೇವರ ಮೇಲೆ ಭಾರ ಹಾಕಿ, ಅವನು ಐದೂ ಗುಂಡು ಹಾರಿಸಿದ.

ಕಾರ್ಡುಗಳು ತಂತಿಯ ಮೇಲೆ ಜಾರಿಕೊಂಡು ಬಂದವು. ಇವನ ಕಾರ್ಡು ನೋಡಿದವರೆಲ್ಲ ಗರ ಬಡಿದವರಂತೆ ನಿಂತುಬಿಟ್ಟರು. ನಟ್ಟನಡುವೆ ಒಂದೇ ಒಂದು ಹರುಕು ತೂತು; ಐದು ಗುಂಡು ಒಂದರ ಮೇಲೊಂದು ಕೂತು ಮಾಡಿದ್ದು. ಮುಚ್ಚಳ ಹಾಗಿರಲಿ, ಅಂಗಿಯ ಗುಂಡಿಯೇ ಅದನ್ನು ಮುಚ್ಚಿತು.

"ನನ್ನ ಹೊಲಿಗೆ" ಎಂದ ಭಾವಮೈದ.

"ನನ್ನ ಕತ್ತಿ" ಎಂದ ಕ್ಷೌರದವನು.

ಅವರ ಜಗಳ ಕೈಗೆ ಬರುವ ಮುನ್ನ ಯಾರೋ ಡಾಕ್ಟರ ಕಾರ್ಡು ಎತ್ತಿ ಹಿಡಿದರು. ಅದರಲ್ಲಿ ಒಂದು ಗೀರೂ ಇರಲಿಲ್ಲ, ಅಚ್ಚಾಗಿ ಬಂದಾಗ ಹೇಗಿತ್ತೋ ಹಾಗೇ ಇತ್ತು.

ಡಾಕ್ಟರು ರೈಫಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು. "ನನ್ನ ರೈಫಲ್ಲಿಗೆ ಏನೋ ಆಗಿದೆ. ಆದ್ರೂ ರೂಲು ರೂಲೇ" ಎಂದು ಕನ್ನಡಕದಂಗಡಿಯವನತ್ತ ಕೈ ತೋರಿಸಿದರು. "ಇವತ್ತಿನಿಂದ ಇವರೇ ಕ್ಯಾಪ್ಟನ್." ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದರು.

ಕನ್ನಡಕದ ಕಡ್ಡಿಯ ಒಳಮೈಯಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ಗಿರಾಕಿಗಳದ್ದರ ಜೊತೆ ಬೆರೆಯದಿರಲಿ ಎಂದು ಇವನು ತನ್ನ ಕನ್ನಡಕಕ್ಕೆ ತಾನೇ ಇಟ್ಟ ಚುಕ್ಕೆ ಅದು. ತನ್ನ ಮೂಗಿನ ಮೇಲಿದ್ದದ್ದನ್ನು ತೆಗೆದು ನೋಡಿದ. ಅದರಲ್ಲಿ ಚುಕ್ಕೆ ಇರಲಿಲ್ಲ. ಡಬ್ಬಿ ಅದಲುಬದಲಾಗಿತ್ತು. ನಂಬರು ಕಾಣದೆ ಡಾಕ್ಟರು ಐದೂ ಗುಂಡನ್ನು ಇವನ ಕಾರ್ಡಿಗೆ ಹೊಡೆದಿದ್ದರು. ಇವನವು ಕಾರ್ಡುಗಳ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಗಿದ್ದವು.

ಕನ್ನಡಕದಂಗಡಿಯವನು ಪಾಪ, ಒಳ್ಳೆಯ ಮನುಷ್ಯನೇ. ಕಂಡವರ ಕೀರ್ತಿ ಕೊರಳಿಗೆ ಸುತ್ತಿಕೊಂಡಂತಾಗಿ ಸಂಕಟಪಟ್ಟ. ಡಾಕ್ಟರನ್ನು ರೈಫಲ್ ಇಡುವ ಕೋಣೆಗೆ ಕರೆದೊಯ್ದು ಕನ್ನಡಕ ಬದಲಿಸಿ, ನಡೆದದ್ದೆಲ್ಲ ಹೇಳಿದ.

ಡಾಕ್ಟರು ತಮ್ಮ ಕನ್ನಡಕ ಹಾಕಿಕೊಂಡು ಕಾರ್ಡನ್ನು ಬೆಳಕಿಗೆ ಹಿಡಿದರು. "ಹೌದು, ನನ್ನದೇ. ನನ್ನ ಗುಂಡು ಯಾವಾಗ್ಲೂ ಹೀಗೇ ಒಂದು ಕೂದಲೆಳೆ ಎಡಕ್ಕೆ ವಾಲುತ್ತೆ."

"ಎಲ್ರ ಮುಂದೆ ಒಪ್ಕೋತೀನಿ ಡಾಕ್ಟ್ರೇ. ಅಂಗಡಿ ಮುಚ್ಚಿದ್ರೂ ಸರಿ."

ಡಾಕ್ಟರು ತಟ್ಟನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. "ಬಾಯಿ ಬಿಟ್ರೆ ನಿಮ್ಮ ಹಲ್ಲು ಕಿತ್ತುಬಿಡ್ತೀನಿ, ಅದೂ ಇಂಜೆಕ್ಷನ್ ಕೊಡದೆ. ಪಕ್ಕದ ಕಾರ್ಡಿಗೆ ಹೊಡೆದವನು ಅಂತ ಗೊತ್ತಾದ್ರೆ, ಪಕ್ಕದ ಹಲ್ಲು ಕೀಳಲ್ಲ ಅಂತ ಯಾರ್ರೀ ನಂಬ್ತಾರೆ? ನಾಳೆಯಿಂದ ನನ್ನ ಕುರ್ಚಿಯಲ್ಲಿ ನಾನೇ ಕೂತು ನೊಣ ಹೊಡೀಬೇಕಾಗುತ್ತೆ. ಈಗ ತಪ್ಪು ರೈಫಲ್ಲಿನ ಮೇಲಿದೆ. ಅಲ್ಲೇ ಇರಲಿ."

ಕನ್ನಡಕದಂಗಡಿಯವನು ಡಾಕ್ಟರ ತೋಳು ಹಿಡಿದುಕೊಂಡ. "ಮತ್ತೆ ಸಂಜೆ ಪಂದ್ಯ? ಊರೆಲ್ಲ ನೋಡ್ತಿರುತ್ತೆ. ನಾನು ಹೇಗೆ..."

ಡಾಕ್ಟರು ಅವನ ಬೆನ್ನು ತಟ್ಟಿ ಬಾಗಿಲು ತೆರೆದರು. "ಕ್ಯಾಪ್ಟನ್ ಪಟ್ಟ ಹೊಸದಲ್ವಾ. ಎರಡು ದಿನ ಹೊಂದ್ಕೋಬೇಕು."

ಹೊರಗೆ ಭಾವಮೈದ ಸೂಜಿ ದಾರ ಹಿಡಿದು ಕಾಯುತ್ತಿದ್ದ. ಸಂಜೆಯವರೆಗೆ ಬಿಚ್ಚದಿರಲಿ ಎಂದು ಕೋಟಿಗೆ ಮೇಲಿನಿಂದಲೇ ಹೊಲಿಗೆ ಹಾಕಬೇಕಂತೆ. ಎಡಗೆನ್ನೆಯ ಗಡ್ಡವನ್ನು ಯಾರೂ ಮುಟ್ಟಕೂಡದು ಎಂದು ಕ್ಷೌರದವನು ಎಲ್ಲರಿಗೂ ಸಾರುತ್ತಿದ್ದ. ಸುದ್ದಿ ಕೇಳಿದ ಹೆಂಡತಿ ತವರಿನವರನ್ನೆಲ್ಲ ಪಂದ್ಯಕ್ಕೆ ಕರೆಯಲು ಆಗಲೇ ಹೊರಟಿದ್ದಳು.