ಬಾನೆಟ್ಟಿನ ಬಾಡಿಗೆದಾರ

ಗಣಿತದ ಮೇಷ್ಟ್ರಿಗೆ ಕಾರು ಕೊಂಡ ಮೇಲೆ ಗೊತ್ತಾದ ಸತ್ಯ ಒಂದೇ: ಅದನ್ನು ಓಡಿಸಲು ಅವರಿಗೆ ಪ್ರಾಣಭಯ. ಮೊದಲ ದಿನವೇ ಗೇಟಿನ ಕಂಬಕ್ಕೆ ಮುತ್ತಿಟ್ಟವರು (ಕಂಬವೇ ಅಡ್ಡ ಬಂತು ಅನ್ನುವುದು ಅವರ ವಾದ) ಆಮೇಲೆ ದಿನಾ ಬೆಳಿಗ್ಗೆ ಕಾರು ಒರೆಸಿದರೇ ಹೊರತು ಕೀ ತಿರುಗಿಸಿದವರಲ್ಲ. ಹೆಂಡತಿ ಹತ್ತಿರ ಹೇಳೋಣ ಅಂದರೆ ಮರ್ಯಾದೆ ಪ್ರಶ್ನೆ. ಅತ್ತೆ ಬೇರೆ, "ಅಳಿಯಂದಿರ ಕಾರಲ್ಲಿ ಒಂದು ಸುತ್ತು ಹೋಗಿಯೇ ನಾನು ಊರಿಗೆ ಹೊರಡೋದು" ಅಂತ ಮನೆಯಲ್ಲೇ ಠಿಕಾಣಿ ಹೂಡಿದ್ದರು.

ಅಷ್ಟರಲ್ಲಿ ದೇವರು ಕಣ್ಣುಬಿಟ್ಟ. ಇಲಿಯೊಂದು ಬಾನೆಟ್ ಹೊಕ್ಕು ವೈರು ಕಡಿದು ಹಾಕಿತು. ಮೇಷ್ಟ್ರು ಎಲ್ಲರೆದುರು ಹಣೆ ಚಚ್ಚಿಕೊಂಡರು. ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದರು.

ಹೆಂಡತಿ ಬಿಡುವವಳೇ? ಮೆಕ್ಯಾನಿಕ್ ಕರೆಸಿ ಹೊಸ ವೈರು ಹಾಕಿಸಿದಳು, ನುಸಿಗುಳಿಗೆ ಇಟ್ಟಳು, ಮೆಣಸಿನ ಪುಡಿ ಉದುರಿಸಿದಳು. ಮೇಷ್ಟ್ರು ಒರೆಸುವ ನೆಪದಲ್ಲಿ ಗುಳಿಗೆಗಳನ್ನು ಆಯ್ದು ಎಸೆದು, ಪುಡಿ ಕೊಡವಿ, ಮೂಷಿಕ ಮಹಾಶಯನಿಗೆ ದಿನಾ ಎರಡು ಬಿಸ್ಕತ್ತು ಇಟ್ಟು ಬಂದರು. ಇಲಿ ನಿಯತ್ತಿನ ಪ್ರಾಣಿ. ವಾರದೊಳಗೆ ಹೊಸ ವೈರೂ ಕಡಿಯಿತು.

"ಎಂಥ ದರಿದ್ರ ಇಲಿ ರೀ ಇದು! ಯಾವುದಕ್ಕೂ ಬಗ್ಗಲ್ಲ."

"ಹೌದು ಕಣೇ, ಬಹಳ ಹಠಮಾರಿ. ಪಾಪ, ಅತ್ತೆಯವರಿಗೆ ಈ ಸಲ ಯೋಗ ಇಲ್ಲ."

ಭಾನುವಾರ ಮೆಕ್ಯಾನಿಕ್ ಮತ್ತೆ ಬಂದ. ಇಲಿಯನ್ನು ಓಡಿಸಿ, ವೈರು ಜೋಡಿಸಿ, ಬ್ಯಾಟರಿ ಹಿಂದಿನಿಂದ ಗೂಡು ಎಳೆದು ಹಾಕಿದ. ಗೂಡಿನ ತುಂಬ ಬಿಸ್ಕತ್ತಿನ ಚೂರು! ಹೆಂಡತಿ ಒಂದನ್ನು ಎತ್ತಿ ತಿರುಗಿಸಿ ನೋಡಿದಳು.

"ಇದು ಸಕ್ಕರೆ ಇಲ್ಲದ ಬಿಸ್ಕತ್ತು ಅಲ್ವೇನ್ರೀ?"

"ಇಲಿಗೂ ಸಕ್ಕರೆ ಕಾಯಿಲೆನಾ ಅಮ್ಮಾ?" ಎಂದ ಮೆಕ್ಯಾನಿಕ್.

"ಈ ಮನೇಲಿ ಆ ಕಾಯಿಲೆ ಇರೋದು ಒಬ್ಬರಿಗೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಮೇಷ್ಟ್ರ ಕೈ ತಾನಾಗಿ ಅಂಗಿಯ ಜೇಬು ಮುಚ್ಚಿತು.

"ದಿನಾ ಓಡಿಸಿ ಸಾರ್, ಆಮೇಲೆ ಇಲಿ ಈ ಕಡೆ ತಲೆ ಹಾಕಲ್ಲ" ಅಂತ ಹೇಳಿ ಮೆಕ್ಯಾನಿಕ್ ಹೊರಟ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ನನಗೆ ಭಯ ಕಣೇ. ಸ್ಟೀರಿಂಗ್ ಹಿಡಿದರೆ ಕೈಕಾಲು ನಡುಗುತ್ತೆ."

ಹೆಂಡತಿ ಬೈಯಲಿಲ್ಲ. ಕೈ ಚಾಚಿದಳು. "ಕೀ ಕೊಡಿ. ನಾನು ಡ್ರೈವಿಂಗ್ ಕಲಿತು ತಿಂಗಳಾಯ್ತು, ಲೈಸೆನ್ಸೂ ಬಂತು. ನಿಮ್ಮ ಮುಖ ಸಣ್ಣದಾಗುತ್ತೆ ಅಂತ ಬಾಯಿ ಬಿಟ್ಟಿರಲಿಲ್ಲ."

ಮೇಷ್ಟ್ರಿಗೆ ನಾಚಿಕೆಯೂ ಆಯಿತು, ಹೋದ ಜೀವ ಬಂದ ಹಾಗೂ ಆಯಿತು. ತೆಪ್ಪಗೆ ಪಕ್ಕದ ಸೀಟಿನಲ್ಲಿ ಕೂತರು. ಅತ್ತೆ ಸಡಗರದಿಂದ ಹಿಂದೆ ಹತ್ತಿದರು. ಕಾರು ಬೀದಿಗಿಳಿದು ಸಲೀಸಾಗಿ ತಿರುವು ದಾಟಿತು. ಮೇಷ್ಟ್ರು ಮಾತ್ರ ಎದುರಿಗೆ ಸೈಕಲ್ ಕಂಡರೂ "ಬ್ರೇಕು! ಬ್ರೇಕು!" ಅಂತ ಕೂಗುತ್ತಿದ್ದರು.

ಅತ್ತೆ ಮುಂದಕ್ಕೆ ಬಾಗಿ ಅಳಿಯನ ಭುಜ ತಟ್ಟಿದರು.

"ಅಳಿಯಂದಿರೇ, ನೀವು ಹಿಂದೆ ಬಂದು ಕಣ್ಣು ಮುಚ್ಕೊಂಡು ಮಲಗಿ. ಮುಂದೆ ನಾನು ಕೂರ್ತೀನಿ."