ಘೋರಕೇತುವಿಗೆ ಬೀಳ್ಕೊಡುಗೆ

ಯಾರ ಪಕ್ಷ ವಹಿಸಬೇಕೆಂಬ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅದೃಷ್ಟವಿಲ್ಲ. ನಾನು ಬೆಂಬಲಿಸಿದ ಕ್ರಿಕೆಟ್ ತಂಡ ಸೋಲುತ್ತದೆ, ನಾನು ಓಟು ಹಾಕಿದ ಅಭ್ಯರ್ಥಿ ಠೇವಣಿ ಕಳೆದುಕೊಳ್ಳುತ್ತಾನೆ, ನಾನು ಹೋಗಿ ನಿಂತ ಸಾಲು ಮುಂದಕ್ಕೆ ಹೋಗುವುದಿಲ್ಲ. ಇದನ್ನೆಲ್ಲ ಹಣೆಬರಹ ಎಂದು ಸುಮ್ಮನಿದ್ದೆ. ಆದರೆ ನಲವತ್ತಾರನೆಯ ವಯಸ್ಸಿನಲ್ಲಿ, ರಾಷ್ಟ್ರೀಕೃತ ಬ್ಯಾಂಕೊಂದರ ಅಧಿಕಾರಿಯಾಗಿದ್ದುಕೊಂಡು, ಭೂಮಿಯನ್ನು ನಾಶ ಮಾಡಲೆಂದೇ ಬಂದ ನೇರಳೆ ಮುಖದ, ಎರಡು ಕೋಡಿನ ಖಳನಾಯಕನೊಬ್ಬನ ಪರ ನಿಂತೆನಲ್ಲ, ಅದನ್ನು ಹಣೆಬರಹದ ತಲೆಗೆ ಕಟ್ಟುವಂತಿಲ್ಲ. ಅದು ಬುದ್ಧಿ ನೆಟ್ಟಗಿರುವಾಗಲೇ ಮಾಡಿದ್ದು. ಇವತ್ತಿಗೂ ನನ್ನ ನಿಲುವು ಬದಲಾಗಿಲ್ಲ.

ನಾನು ಅರಸೀಕೆರೆಯವನು. ಹೆಂಡತಿ ಸುಮಂಗಲಾ ಧಾರವಾಡದವಳು. ಮಗಳು ಮೇಘನಾ ಬೆಳೆದದ್ದು ನಮ್ಮ ಬ್ಯಾಂಕು ನಮ್ಮನ್ನು ತಂದು ಹಾಕಿದ ವಿಶಾಖಪಟ್ಟಣದಲ್ಲಿ, ಎಂವಿಪಿ ಕಾಲೋನಿಯ ಎರಡನೇ ಮಹಡಿಯ ಮನೆಯಲ್ಲಿ. ಹೀಗಾಗಿ ಮನೆಯಲ್ಲಿ ಮೂರು ಕನ್ನಡಗಳಿದ್ದವು. ಒಂದು ನನ್ನದು, ಇನ್ನೊಂದು ನನ್ನದನ್ನು ಕನ್ನಡವೇ ಅಲ್ಲ ಎನ್ನುವ ಸುಮಂಗಲೆಯದು, ಮೂರನೆಯದು ಅರ್ಧ ದಾರಿಗೆ ಬಂದು ತೆಲುಗು ಹತ್ತಿಕೊಂಡು ಹೋಗಿಬಿಡುವ ಮಗಳದು. ಐದನೇ ಕ್ಲಾಸಿನ ಆ ಹುಡುಗಿಗೂ ನನಗೂ ಮಾತಿಗೆ ಸಿಗುತ್ತಿದ್ದ ವಿಷಯ ಕಡಿಮೆ. ಲೆಕ್ಕ ಹೇಳಿಕೊಡಲು ಹೋದರೆ ನಮ್ಮ ಟೀಚರ್ ಹೀಗಲ್ಲ ಹೇಳಿದ್ದು ಎನ್ನುತ್ತಿದ್ದಳು. ಕಥೆ ಹೇಳಲು ಹೋದರೆ ನಾನೇ ನಡುವೆ ನಿದ್ದೆ ಹೋಗುತ್ತಿದ್ದೆ. ಕೊನೆಗೆ ನಮ್ಮಿಬ್ಬರನ್ನು ಒಂದೇ ಸೋಫಾದ ಮೇಲೆ ಕೂರಿಸಿದ್ದು ಘೋರಕೇತು.

ಅದು ಜಪಾನಿನಲ್ಲಿ ಹುಟ್ಟಿ ತೆಲುಗು ಮಾತಾಡುತ್ತಿದ್ದ ಕಾರ್ಟೂನು. ಪ್ರತಿ ಭಾನುವಾರ ಸಂಜೆ ಆರೂವರೆಗೆ ಬರುತ್ತಿತ್ತು. ಕೆಂಪು, ನೀಲಿ, ಹಳದಿ, ಹಸಿರು, ಗುಲಾಬಿ ಬಣ್ಣದ ಬಿಗಿಯುಡುಪು ತೊಟ್ಟು, ಹೆಲ್ಮೆಟ್ ಹಾಕಿದ ಐವರು ಭೂರಕ್ಷಕರು. ಇಂಥ ಕಾರ್ಟೂನುಗಳ ಕಥೆ ಗೊತ್ತೇ ಇದೆ. ಕೆಟ್ಟವನು ವಾರಕ್ಕೊಂದು ರಾಕ್ಷಸನನ್ನು ಕಳಿಸುತ್ತಾನೆ, ಐವರೂ ಸೇರಿ ಅದನ್ನು ಬಡಿದು ಪುಡಿ ಮಾಡುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತವೆ. ನಾನೂ ಹಾಗೆಂದುಕೊಂಡೇ ಪೇಪರು ಹಿಡಿದು ಕೂತಿದ್ದೆ. ಆದರೆ ಇದನ್ನು ಮಾಡಿದ ಪುಣ್ಯಾತ್ಮ, ರಾಕ್ಷಸ ಪುಡಿಯಾದ ಮೇಲೆ ಕ್ಯಾಮೆರಾವನ್ನು ಗೆದ್ದವರ ಕಡೆ ತಿರುಗಿಸದೆ, ಸೋತ ಘೋರಕೇತುವಿನ ಹಿಂದೆ ಅವನ ಮನೆಗೆ ಕಳಿಸಿಬಿಟ್ಟಿದ್ದ. ಅಲ್ಲಿ ನೋಡಿದರೆ ಘೋರಕೇತು ಬಾಗಿಲಲ್ಲಿ ಬೂಟು ಬಿಚ್ಚಿ, ಕೋಡುಗಳನ್ನು ತೆಗೆದು ಗೋಡೆಯ ಮೊಳೆಗೆ ತೂಗುಹಾಕಿ, ಉಸ್ಸೆಂದು ಕೂತ. ಹೆಂಡತಿ ಬಂದು, ಇವತ್ತೂ ತರಕಾರಿ ತರಲಿಲ್ಲವೇ ಎಂದು ಕೇಳಿದಳು. ನನ್ನ ಕೈಯಿಂದ ಪೇಪರು ಜಾರಿತು.

ಆಮೇಲೆ ಒಂದೊಂದೇ ತಿಳಿಯುತ್ತ ಹೋಯಿತು. ಘೋರಕೇತುವಿಗೆ ಭೂಮಿಯ ಮೇಲೆ ವೈಯಕ್ತಿಕ ದ್ವೇಷ ಏನೂ ಇರಲಿಲ್ಲ. ಕತ್ತಲೆ ನಕ್ಷತ್ರದ ಹೆಡ್ಡಾಫೀಸಿನಿಂದ ಅವನಿಗೆ ಇಲ್ಲಿಗೆ ಟ್ರಾನ್ಸ್‌ಫರ್ ಆಗಿತ್ತು, ಅಷ್ಟೆ. ಊರಿನ ಭಾಷೆ ಬಾರದು, ನೀರು ಒಗ್ಗದು. ಮೇಲಿನ ಚಕ್ರವರ್ತಿ ಮುಖ ತೋರಿಸದೆ ಪರದೆಯ ಮೇಲೆ ಬರೀ ಕಣ್ಣು ಬಿಟ್ಟು, ಈ ತಿಂಗಳ ವಿನಾಶ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. ಆ ಧ್ವನಿಯನ್ನು ನಾನು ನಮ್ಮ ತ್ರೈಮಾಸಿಕ ಸಭೆಗಳಲ್ಲಿ ಕೇಳಿದ್ದೆ. ಕೈಕೆಳಗೆ ಕರಿ ಅಂಗಿಯ ಸಿಪಾಯಿಗಳು ಬೇಕಾದಷ್ಟಿದ್ದರೂ, ಅವರಿಗೆ ಹೇಳಿದ ಕೆಲಸ ಬಿಟ್ಟು ಇನ್ನೆಲ್ಲ ಬರುತ್ತಿತ್ತು. ಅದೂ ಪರಿಚಿತವೇ. ಇತ್ತ ಭೂರಕ್ಷಕರನ್ನು ನೋಡಿ. ಒಬ್ಬನಿಗೂ ಉದ್ಯೋಗವಿಲ್ಲ, ಒಬ್ಬನ ಮೇಲೆ ಐವರು ಬೀಳುತ್ತಾರೆ. ಊರನ್ನು ಉಳಿಸುವ ಭರದಲ್ಲಿ ಹತ್ತು ಕಟ್ಟಡ ಉರುಳಿಸಿ, ಒಂದು ಇಟ್ಟಿಗೆಯನ್ನೂ ಎತ್ತಿಡದೆ ಹೊರಟುಹೋಗುತ್ತಾರೆ. ಹೊಡೆಯುವ ಮುಂಚೆ ಒಬ್ಬೊಬ್ಬರೂ ಕೈಕಾಲು ಚಾಚಿ, ನಾನು ಕೆಂಪು, ನಾನು ನೀಲಿ ಎಂದು ಸವಿಸ್ತಾರವಾಗಿ ಪರಿಚಯ ಹೇಳಿಕೊಳ್ಳುತ್ತಾರೆ. ಆಗ ಘೋರಕೇತು ಒಂದೇಟು ಹಾಕಿದ್ದರೆ ಕಥೆ ಮುಗಿದಿತ್ತು. ಹಾಕುತ್ತಿರಲಿಲ್ಲ. ನಾಲ್ಕು ಜನ ಹೆಸರು ಹೇಳುವಾಗ ನಡುವೆ ಬಾಯಿ ಹಾಕಬಾರದೆಂಬ ಸಂಸ್ಕಾರ ಆ ಕಾರ್ಟೂನಿನಲ್ಲಿ ಅವನೊಬ್ಬನಿಗೇ ಇತ್ತು. ಮೇಘನಾಳಂತೂ ಅವನನ್ನು ಬರಿ ಹೆಸರಿನಿಂದ ಕರೆಯುತ್ತಲೇ ಇರಲಿಲ್ಲ, ತೆಲುಗಿನವರು ಮರ್ಯಾದೆಗೆ ಸೇರಿಸುವ ಗಾರು ಸೇರಿಸುತ್ತಿದ್ದಳು. "ಅಪ್ಪಾ, ಘೋರಕೇತು ಗಾರು ಇವತ್ತೂ ಊಟ ಮಾಡ್ಲಿಲ್ಲ ಕದಾ, ಪಾಪಂ," ಎನ್ನುತ್ತಿದ್ದಳು. ಇಬ್ಬರೂ ಸೇರಿ ನಿಟ್ಟುಸಿರು ಬಿಡುತ್ತಿದ್ದೆವು. ಸುಮಂಗಲಾ ಅಡುಗೆಮನೆಯಿಂದ, "ಏನ್ರೀ, ನಿಮ್ಮ ಕೋಡು ಎಲ್ಲಿ ಇಟ್ರಿ? ಮೊಳಿ ಹೊಡೀಲೇನು?" ಎಂದು ಕೇಳುತ್ತಿದ್ದಳು.

ಇಲ್ಲಿ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ವಲಯ ಕಚೇರಿಯ ಸಿಬ್ಬಂದಿ ವಿಭಾಗದಲ್ಲಿ ನನ್ನದು ವರ್ಗಾವಣೆಯ ಮೇಜು. ಆದೇಶ ಬಂದವರನ್ನು ಕರೆದು ಕೂರಿಸಿ, ಟೀ ಕುಡಿಸಿ, "ಒಳ್ಳೇ ಊರು ಸಾರ್, ಮೀನು ಚೆನ್ನಾಗಿ ಸಿಗತ್ತೆ" ಎಂದು ಸಮಾಧಾನ ಹೇಳುವವನು ನಾನು. ಸಸ್ಯಾಹಾರಿಗಳಿಗೆ ದೇವಸ್ಥಾನ ಚೆನ್ನಾಗಿದೆ ಎನ್ನುತ್ತಿದ್ದೆ. ಆಮೇಲೆ ಅವರ ಬೀಳ್ಕೊಡುಗೆಯೂ ನನ್ನದೇ ಜವಾಬ್ದಾರಿ. ಶಾಲು, ಹಾರ, ಹಣ್ಣಿನ ತಟ್ಟೆ, ಗೋಡೆ ಗಡಿಯಾರ, ಮಿಕ್ಸ್ಚರು, ಮೈಸೂರ್ ಪಾಕು. ಮೇಘನಾ ಅಂಬೆಗಾಲಿಡುವ ಕಾಲದಿಂದ ಮಿಕ್ಸ್ಚರಿನ ಆಸೆಗೆ ನನ್ನೊಂದಿಗೆ ಬಂದು ಅಂಥ ಸಭೆಗಳನ್ನು ಎಷ್ಟೋ ನೋಡಿದ್ದಳು. ಮನುಷ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಶಾಲು ಹೊದಿಸದೆ ಬಿಡುವುದಿಲ್ಲ ಎಂದೇ ಅವಳ ತಿಳಿವಳಿಕೆ.

ಇಷ್ಟು ಜನರಿಗೆ ಸುದ್ದಿ ಮುಟ್ಟಿಸಿದ ನನಗೆ ಆ ವರ್ಷ ನನ್ನದೇ ಆದೇಶ ಬಂತು. ವಿಜಯವಾಡದ ಭವಾನಿಪುರಂ ಶಾಖೆಗೆ ಮ್ಯಾನೇಜರು. ಮಗಳ ಶಾಲೆ ನಡುವೆ ಬಿಡಿಸುವಂತಿರಲಿಲ್ಲ. ತಾಯಿ ಮಗಳು ಇಲ್ಲೇ, ನಾನೊಬ್ಬನೇ ಅಲ್ಲಿ, ರಜೆ ಸಿಕ್ಕಾಗ ರೈಲು ಎಂದು ನಾನೂ ಸುಮಂಗಲೆಯೂ ತೀರ್ಮಾನಿಸಿದೆವು. ಉಳಿದಿದ್ದು ಮಗಳಿಗೆ ಹೇಳುವುದು. ಅದೇ ನನ್ನಿಂದಾಗಲಿಲ್ಲ. ಬೆಳಿಗ್ಗೆ ಹೇಳೋಣವೆಂದರೆ ಶಾಲೆಗೆ ಹೊರಟಿದ್ದಾಳೆ, ಸಂಜೆ ಹೇಳೋಣವೆಂದರೆ ನಗುತ್ತಿದ್ದಾಳೆ. ಒಂದು ಸಲ ಬೀಚಿಗೆ ಕರೆದುಕೊಂಡು ಹೋಗಿ, ಐಸ್‌ಕ್ರೀಂ ಕೊಡಿಸಿ, ಗಂಟಲು ಸರಿಮಾಡಿಕೊಂಡು, "ಪುಟ್ಟಿ, ವಿಜಯವಾಡ ಅಂತ ಒಂದು ಊರಿದೆ," ಎಂದೆ. "ಗೊತ್ತು, ಸೋಷಿಯಲ್‌ನಲ್ಲಿ ಇದೆ," ಎಂದಳು. ಅಲ್ಲಿಗೆ ನಿಲ್ಲಿಸಿದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ನಾನು ಹೋದರೆ ಅವಳ ಕನ್ನಡವೂ ಹೋಗುತ್ತದೆ, ಆಮೇಲೆ ಮನೆಗೆ ಬಂದಾಗ ನನ್ನನ್ನೂ ಗಾರು ಎಂದು ಮಾತಾಡಿಸುತ್ತಾಳೆ ಅನ್ನಿಸುತ್ತಿತ್ತು.

ಸುಮಂಗಲಾ ಗಡುವು ಕೊಟ್ಟಳು. "ಮುಂದಿನ ಐತವಾರದೊಳಗ ನೀವು ಹೇಳಬೇಕು. ಇಲ್ಲಾಂದ್ರ ನಾ ಹೇಳ್ತೀನಿ. ನಾ ಹೇಳಿದ್ರ ಹೆಂಗ ಹೇಳ್ತೀನಿ ಅಂತ ನಿಮಗ ಗೊತ್ತದ." ಗೊತ್ತಿತ್ತು. ಅವಳ ಬಾಯಲ್ಲಿ ಶುಭ ಸಮಾಚಾರವೂ ಜಪ್ತಿಯ ನೋಟೀಸಿನ ಹಾಗೆ ಕೇಳುತ್ತದೆ.

ಅದೇ ವಾರ ಟಿವಿಯವರು ಇನ್ನೊಂದು ಸುದ್ದಿ ತೋರಿಸಿದರು. ಬರುವ ಭಾನುವಾರ ಕಡೆಯ ಕಂತು, ಘೋರಕೇತುವಿನ ಅಂತ್ಯ. ಮೇಘನಾ ಆ ಸಂಜೆ ಊಟಕ್ಕೆ ಬರಲಿಲ್ಲ. ಕೋಣೆಯಲ್ಲಿ ದಿಂಬಿಗೆ ಮುಖವೊತ್ತಿ ಬಿದ್ದುಕೊಂಡಿದ್ದಳು. ಪಕ್ಕದಲ್ಲಿ ಕೂತೆ. "ಅಪ್ಪಾ, ಘೋರಕೇತು ಗಾರಿಗೆ ಸೆಂಡಾಫ್ ಯಾರು ಮಾಡ್ತಾರೆ?" ಎಂದು ಕೇಳಿದಳು. ಯೋಚಿಸಿದೆ. ನಿಜ. ಇಷ್ಟು ವರ್ಷ ನಿಷ್ಠೆಯಿಂದ ದುಡಿದ ಒಬ್ಬ ಅಧಿಕಾರಿ ಹಾರವಿಲ್ಲದೆ, ಶಾಲಿಲ್ಲದೆ, ಒಂದು ಗಡಿಯಾರವೂ ಇಲ್ಲದೆ ಹೋಗುವುದೇ? ನನ್ನೊಳಗಿನ ಸಿಬ್ಬಂದಿ ವಿಭಾಗ ಎದ್ದು ನಿಂತಿತು. "ನಾವೇ ಮಾಡೋಣ," ಎಂದೆ. ಹುಡುಗಿ ಎದ್ದು ಬಂದು ಎರಡು ಸಲ ಅನ್ನ ಹಾಕಿಸಿಕೊಂಡಳು. ಸುಮಂಗಲಾ ನನ್ನನ್ನು ಸುಮ್ಮನೆ ನೋಡಿದಳು. ಆ ನೋಟದ ಅರ್ಥ, ಹೇಳಬೇಕಾದ್ದು ಹೇಳಿದಿರಾ ಎಂದು.

ಭಾನುವಾರ ಬಂತು. ಹೂವಿನಂಗಡಿಯಿಂದ ದೊಡ್ಡ ಸೇವಂತಿಗೆ ಹಾರ ತಂದೆ. ಶಾಲು, ಹಣ್ಣು, ಮಿಕ್ಸ್ಚರು ಸಿದ್ಧವಾದವು. ಭಾಷಣವಿಲ್ಲದೆ ಬೀಳ್ಕೊಡುಗೆ ಆಗುವುದಿಲ್ಲವಾದ್ದರಿಂದ ನಮ್ಮ ಕಚೇರಿಯ ಹೆಡ್ ಕ್ಲರ್ಕ್ ಅಪ್ಪಲರಾಜುವನ್ನು ಕರೆದಿದ್ದೆ. ವಿಶಾಖಪಟ್ಟಣದ ನಮ್ಮ ಬ್ಯಾಂಕಿನಿಂದ ಯಾರು ಹೋದರೂ ಅವರ ಗುಣಗಾನ ಮಾಡುವ ಹಕ್ಕು ಇವರದು. ಯಾರಿಗೆ ಎಂದು ಕೇಳಿದರು, ಕಾರ್ಟೂನಿನ ಖಳನಾಯಕನಿಗೆ ಎಂದೆ. "ಪರವಾಗಿಲ್ಲಂಡಿ, ನಮ್ಮ ಹಳೇ ಚೀಫ್ ಮ್ಯಾನೇಜರಿಗೇ ಮಾಡಿದ್ದೀನಿ," ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು.

ಹಾರವನ್ನು ಟಿವಿಗೆ ಹಾಕಲು ಹೋದಾಗ ಸುಮಂಗಲಾ ತಡೆದಳು. "ಜೀವಂತ ಇದ್ದಾವರ ಫೋಟೋಕ್ಕ ಹಾರ ಹಾಕಬಾರದ್ರೀ. ಇನ್ನೂ ಅರ್ಧಾ ತಾಸು ಬದುಕಿರ್ತಾನ ಅಂವ." ಅವಳ ಆಕ್ಷೇಪಣೆ ನ್ಯಾಯವಾಗಿತ್ತು. ಸನ್ಮಾನಿತರು ಖುದ್ದು ಬರಲಾಗದಿದ್ದರೆ ಅವರ ಪರವಾಗಿ ಇನ್ನೊಬ್ಬರು ಸ್ವೀಕರಿಸುವ ಪದ್ಧತಿ ನಮ್ಮಲ್ಲಿ ಇದೆ ಎಂದು ಅಪ್ಪಲರಾಜು ನೆನಪಿಸಿದರು. ಎಲ್ಲರೂ ನನ್ನನ್ನೇ ನೋಡಿದರು. ಮೇಘನಾ ಒಳಗೆ ಓಡಿ, ಬಿಸ್ಕತ್ತಿನ ರಟ್ಟು ಕತ್ತರಿಸಿ ನೇರಳೆ ಬಣ್ಣ ಬಳಿದ ಒಂದು ಜೊತೆ ಕೋಡು ತಂದು ನನ್ನ ತಲೆಗೆ ರಬ್ಬರ್ ಬ್ಯಾಂಡಿನಿಂದ ಸಿಕ್ಕಿಸಿದಳು. ಟಿವಿ ಪಕ್ಕದ ಕುರ್ಚಿಯಲ್ಲಿ ಕೂತೆ. ಹಾರ ಬಿತ್ತು, ಶಾಲು ಬಿತ್ತು. ತಮಾಷೆಯೆಂದರೆ ನನಗೆ ಅದು ಹಿತವಾಗಿತ್ತು. ಸಾವಿರ ಹಾರ ತರಿಸಿದವನ ಕುತ್ತಿಗೆಗೆ ಅದು ಮೊದಲನೆಯದು.

ಅಪ್ಪಲರಾಜು ಕೆಮ್ಮಿ, ತೆಲುಗಿನಲ್ಲಿ ಶುರುಮಾಡಿದರು. ಘೋರಕೇತು ಗಾರು ಸಮಯಪಾಲನೆಗೆ ಹೆಸರಾದವರು, ಪ್ರತಿ ಭಾನುವಾರ ಆರೂವರೆಗೆ ಸರಿಯಾಗಿ ಭೂಮಿಯ ಮೇಲೆ ದಾಳಿ ಮಾಡಿದರು, ಒಂದು ದಿನ ರಜೆ ಹಾಕಿದವರಲ್ಲ. ಕೈಕೆಳಗಿನವರನ್ನು ಸ್ವಂತ ತಮ್ಮಂದಿರಂತೆ ಕಂಡರು, ಅವರು ಚೂರುಚೂರಾದಾಗ ತಾವೂ ನೊಂದುಕೊಂಡರು. ವಿನಾಶದ ಗುರಿ ಮುಟ್ಟಲಾಗದಿದ್ದರೂ ಪ್ರಯತ್ನದಲ್ಲಿ ಕೊರತೆ ಮಾಡಲಿಲ್ಲ. ಮೇಘನಾ ಕಣ್ಣೊರೆಸಿಕೊಂಡಳು. ಅಪ್ಪಲರಾಜುವಿಗೆ ಹುಮ್ಮಸ್ಸು ಬಂತು, ಕಣ್ಣು ಮುಚ್ಚಿಕೊಂಡರು. ಅವರು ಕಣ್ಣು ಮುಚ್ಚಿದರೆಂದರೆ ನಾಲಿಗೆ ಅಭ್ಯಾಸದ ಹಳಿಗೆ ಬಿತ್ತೆಂದು ನಾನು ತಿಳಿಯಬೇಕಿತ್ತು. "ಇಂಥ ಅಧಿಕಾರಿ ಸೋಮವಾರ ವಿಜಯವಾಡದ ಭವಾನಿಪುರಂ ಶಾಖೆಯ ಚಾರ್ಜ್ ತೆಗೆದುಕೊಳ್ಳುತ್ತಿದ್ದಾರೆ. ಹೆಂಡತಿ ಮಗುವನ್ನು ಇಲ್ಲೇ ಬಿಟ್ಟು ಒಬ್ಬರೇ ಹೋಗುತ್ತಿರುವ ನಮ್ಮ ಸಾರ್ ಗಾರಿಗೆ ಕನಕದುರ್ಗಮ್ಮ ಆಯುರಾರೋಗ್ಯ ಕೊಡಲಿ."

ಅಪ್ಪಲರಾಜು ಕಣ್ಣು ಬಿಟ್ಟು, ಚಪ್ಪಾಳೆ ಯಾಕೆ ಬರಲಿಲ್ಲ ಎಂದು ಸುತ್ತ ನೋಡಿದರು.

"ಯಾರು ಹೋಗೋದು?" ಎಂದಳು ಮೇಘನಾ.

ತಲೆಯ ಮೇಲೆ ಕೋಡು, ಕೊರಳಲ್ಲಿ ಹಾರ. ಸುಳ್ಳು ಹೇಳಲು ಬೇಕಾದ ಗಾಂಭೀರ್ಯ ನನ್ನಲ್ಲಿ ಉಳಿದಿರಲಿಲ್ಲ. "ನಾನು, ಪುಟ್ಟಿ," ಎಂದೆ.

"ಮತ್ತೆ ನಾವು?"

"ನೀನು, ಅಮ್ಮ ಇಲ್ಲೇ. ನಿನ್ನ ಸ್ಕೂಲಿದೆಯಲ್ಲ. ನಾನು ರಜೆ ಸಿಕ್ಕಾಗೆಲ್ಲ ಬರ್ತೀನಿ."

ಅವಳು ಅಪ್ಪಲರಾಜುವಿನ ಮುಂದಿದ್ದ ಮಿಕ್ಸ್ಚರ್ ತಟ್ಟೆಯನ್ನು ಎತ್ತಿ ಒಳಗಿಟ್ಟು ಬಂದು, ನನಗೆ ಬೆನ್ನು ಹಾಕಿ ಟಿವಿಯ ಮುಂದೆ ಕೂತಳು. ನಾನು ಕೋಡು ತೆಗೆಯಲೋ ಬೇಡವೋ ತಿಳಿಯದೆ ಹಾಗೇ ಕೂತಿದ್ದೆ.

ಕಂತು ಶುರುವಾಯಿತು. ಕಳಿಸಲು ರಾಕ್ಷಸರು ಯಾರೂ ಉಳಿಯದೆ ಘೋರಕೇತು ತಾನೇ ಮೈದಾನಕ್ಕೆ ಬಂದಿದ್ದ. ಐವರೂ ಎಂದಿನಂತೆ ಪರಿಚಯ ಹೇಳಿಕೊಂಡರು. ಎಂದಿನಂತೆ ಅವನು ಕೈಕಟ್ಟಿ ಕೇಳಿಸಿಕೊಂಡ. ಅವರು ದೊಡ್ಡ ಫಿರಂಗಿ ಎತ್ತಿದಾಗ, ಒಂದು ನಿಮಿಷ ಎಂದು ಕೋಡುಗಳನ್ನು ಬಿಚ್ಚಿ ಪಕ್ಕದ ಸಿಪಾಯಿಯ ಕೈಗಿತ್ತು, ಇವನ್ನು ನಮ್ಮ ಮನೆಯಲ್ಲಿ ಕೊಟ್ಟುಬಿಡು ಎಂದ. ಕೆಂಪು ಉಡುಪಿನವನ ಬೆರಳು ಗುಂಡಿಯ ಮೇಲೆ ಹೋಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಇಡೀ ಎಂವಿಪಿ ಕಾಲೋನಿ ಒಟ್ಟಿಗೆ ಅಯ್ಯೋ ಎಂದಿತು. ಕತ್ತಲಲ್ಲಿ ನಾವು ನಾಲ್ವರೂ ಉಸಿರು ಬಿಗಿಹಿಡಿದು ಕೂತೆವು. ಕರೆಂಟು ಬಂದಾಗ ಟಿವಿಯಲ್ಲಿ ಒಬ್ಬ ಹೆಂಗಸು ಸೋಪಿನ ಪುಡಿಯ ಗುಣ ವಿವರಿಸುತ್ತಿದ್ದಳು. ಘೋರಕೇತು ಏನಾದನೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಅಪ್ಪಲರಾಜು ತಪ್ಪನ್ನು ಸರಿಪಡಿಸುವ ಆತುರದಲ್ಲಿ, "ಪಾಪಂ, ಹೋಗಿಬಿಟ್ಟರೇನೋ," ಎಂದರು.

ಮೇಘನಾ ತಿರುಗಿದಳು. ನನ್ನ ಕೋಡನ್ನೂ ಹಾರವನ್ನೂ ಒಂದು ಗಳಿಗೆ ನೋಡಿದಳು. "ಇಲ್ಲ ಅಂಕಲ್. ಸಾಯ್ಲಿಲ್ಲ. ಟ್ರಾನ್ಸ್‌ಫರ್ ಆಗಿದೆ. ಸೆಂಡಾಫ್ ಆದವರು ಯಾರೂ ಸಾಯಲ್ಲ. ಆ ಊರಿಂದ ಫೋನ್ ಮಾಡ್ತಾರೆ," ಎಂದಳು, ಪೂರಾ ಕನ್ನಡದಲ್ಲಿ. ಆಮೇಲೆ ಒಳಗೆ ಹೋಗಿ ಮಿಕ್ಸ್ಚರ್ ತಟ್ಟೆ ತಂದು ಅಪ್ಪಲರಾಜುವಿನ ಮುಂದಿಟ್ಟಳು. ಸುಮಂಗಲಾ ಸೆರಗಿನಲ್ಲಿ ಮೂಗೊರೆಸಿಕೊಂಡು, ಈರುಳ್ಳಿ ಹೆಚ್ಚುವುದಿದೆ ಎಂದು ಎದ್ದುಹೋದಳು. ಅಂದು ಅಡುಗೆಗೆ ಈರುಳ್ಳಿ ಇರಲಿಲ್ಲ.

ಕಚೇರಿಯಲ್ಲಿ ನನಗೆ ಬೀಳ್ಕೊಡುಗೆ ಆಗಿರಲಿಲ್ಲ. ಅದನ್ನು ಏರ್ಪಡಿಸಬೇಕಾದವನು ನಾನೇ ಆದ್ದರಿಂದ, ಯಾರು ಏರ್ಪಡಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆ ರಾತ್ರಿ ರೈಲು ಹತ್ತಿಸಲು ಬಂದ ಅಪ್ಪಲರಾಜು ಮಾತ್ರ, ನಿಮ್ಮದು ಆಗಿಹೋಯಿತಲ್ಲ ಸಾರ್ ಎಂದರು.

ಸೋಮವಾರ ಬೆಳಿಗ್ಗೆ ಭವಾನಿಪುರಂನಲ್ಲಿ ನನಗೆಂದು ಹಿಡಿದಿದ್ದ ಕೋಣೆಯಲ್ಲಿ ಸೂಟ್‌ಕೇಸು ತೆರೆದರೆ, ಅಂಗಿಗಳ ಮೇಲೆ ಶಾಲಿನಲ್ಲಿ ಸುತ್ತಿದ ಆ ರಟ್ಟಿನ ಕೋಡುಗಳಿದ್ದವು. ಗೋಡೆಯಲ್ಲಿ ಹಿಂದಿನವರು ಬಿಟ್ಟುಹೋದ ಮೊಳೆಯೊಂದಿತ್ತು. ಅದಕ್ಕೆ ತೂಗುಹಾಕಿ ಶಾಖೆಗೆ ಹೋದೆ. ಸಣ್ಣ ಶಾಖೆ. ಸಿಬ್ಬಂದಿ ಬಾಗಿಲಲ್ಲೇ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಮುಂದೆ ಬಂದು ಹೆಸರು, ಊರು, ಸೇವಾವಧಿ, ಯೂನಿಯನ್ನಿನಲ್ಲಿ ತಮ್ಮ ಸ್ಥಾನ ಎಲ್ಲವನ್ನೂ ಹೇಳಿಕೊಂಡರು. ನಾನು ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡೆ. ಸಂಜೆ ಮನೆಗೆ ಫೋನು ಮಾಡಿದೆ. ಸುಮಂಗಲಾ ಎತ್ತುವ ಮುಂಚೆ ಮೇಘನಾ ಎತ್ತಿದ್ದಳು. ಊಟ ಆಯಿತಾ ಎಂದು ಕೇಳಲಿಲ್ಲ, ಯಾವಾಗ ಬರುತ್ತೀಯ ಎಂದೂ ಕೇಳಲಿಲ್ಲ.

"ಅಪ್ಪಾ, ಅಲ್ಲಿ ಎಷ್ಟು ಜನ ಇದ್ದಾರೆ?"

"ಐದು," ಎಂದೆ.

ಅವಳು ದನಿ ತಗ್ಗಿಸಿ ಕೇಳಿದಳು. "ಕೆಂಪು ಯಾರು?"

"ಕ್ಯಾಷಿಯರು, ಪುಟ್ಟಿ."

"ಜಾಗ್ರತ್ತ," ಎಂದಳು. "ಮತ್ತೆ ತರಕಾರಿ ತಗೊಂಡು ಹೋಗು."